ಡಾಕ್ಟರ್ ಬಾಬ್: ಬಿದ್ದು ಎದ್ದವರ ಬಾಳು

ಕುಡಿತವನ್ನು ಬಿಡುವುದು ಕಷ್ಟವೆಂದು ಎಲ್ಲರೂ ಬಲ್ಲರು. ಬಿಟ್ಟವನು ಮತ್ತೊಂದು ದಿನ ಕುಡಿದುಬಿಟ್ಟಾಗ ಆ ದಿನವನ್ನು ದಾಟುವುದು ಇನ್ನೂ ಕಷ್ಟವೆಂಬುದನ್ನು ಅವನೂ ಅವನ ಮನೆಯವರೂ ಮಾತ್ರ ಬಲ್ಲರು. ನಾಯಿಯ ಬಾಲದ ಗಾದೆ ಊರಿನ ನಾಲಗೆಗೆ ಬರುವುದು ಆ ದಿನವೇ. ತಿಂಗಳುಗಟ್ಟಲೆ ಪಟ್ಟ ಪಾಡೆಲ್ಲ ಒಂದು ಸಂಜೆಯಲ್ಲಿ ಸೊನ್ನೆಯಾಯಿತೆಂದು ಊರು ತೀರ್ಮಾನಿಸುತ್ತದೆ. ಕುಡಿದವನೂ ಅದೇ ತೀರ್ಮಾನಕ್ಕೆ ಬಂದು, ನಾಚಿಕೆಯಿಂದ ಮನೆಯ ಕಡೆ ತಲೆಹಾಕದೆ, ಮತ್ತೆ ಅಂಗಡಿಯ ಕಡೆಗೇ ನಡೆಯುತ್ತಾನೆ.

ನಮ್ಮ ಹೆಗ್ಗಡದೇವನಕೋಟೆಯಲ್ಲಿ ವಿದ್ಯಾರ್ಥಿಗಳಿಗೆ ಜಿ. ಪಿ. ರಾಜರತ್ನಂ ಅವರ ರತ್ನನ ಪದಗಳನ್ನು ಪಾಠ ಹೇಳುವಾಗ ತರಗತಿಯು ನಗುವಿನಿಂದ ತುಂಬುತ್ತದೆ. ಆದರೆ ಪ್ರತಿವರ್ಷವೂ ನಗದೆ ಕುಳಿತ ಕೆಲವು ಮುಖಗಳನ್ನು ನಾನು ಕಾಣುತ್ತೇನೆ. ಕಾವ್ಯದ ರತ್ನನನ್ನು ಪ್ರೀತಿಸುವುದು ಸುಲಭ. ಮನೆಯಲ್ಲಿಯೇ ಒಬ್ಬ ರತ್ನನಿದ್ದರೆ ಪ್ರೀತಿಯೂ ದಣಿಯುತ್ತದೆ. ಆ ಮುಖಗಳನ್ನು ನೆನೆದು ಈ ಜೀವನಚಿತ್ರವನ್ನು ಬರೆಯುತ್ತಿದ್ದೇನೆ. ಇದರ ನಾಯಕರು ದೂರದ ಅಮೆರಿಕದವರಾದರೂ ಅವರ ಸಂಕಟ ನಮಗೆ ಅಪರಿಚಿತವಲ್ಲ.

ರಾಬರ್ಟ್ ಹಾಲ್‌ಬ್ರೂಕ್ ಸ್ಮಿತ್ತರು 1879ರ ಆಗಸ್ಟ್ 8ರಂದು ವರ್ಮಾಂಟ್ ಸಂಸ್ಥಾನದ ಸೇಂಟ್ ಜಾನ್ಸ್‌ಬರಿ ಎಂಬ ಊರಿನಲ್ಲಿ ಜನಿಸಿದರು. ತಂದೆ ನ್ಯಾಯಾಧೀಶರು. ಮನೆಯಲ್ಲಿ ಶಿಸ್ತಿಗೂ ದೈವಭಕ್ತಿಗೂ ಕೊರತೆಯಿರಲಿಲ್ಲ. ಕೆಟ್ಟ ಮನೆತನವೇ ಕುಡುಕನನ್ನು ಹುಟ್ಟಿಸುತ್ತದೆಂಬ ನಮ್ಮ ಸುಲಭದ ನಂಬಿಕೆಗೆ ಇಲ್ಲಿಯೇ ಪೆಟ್ಟು ಬೀಳುತ್ತದೆ. ಡಾರ್ಟ್‌ಮತ್ ಕಾಲೇಜಿಗೆ ಸೇರಿದ ತರುಣನು ಅಲ್ಲಿ ಕುಡಿತವನ್ನು ಕಲಿತನು. 1902ರಲ್ಲಿ ಪದವೀಧರನಾಗಿ ಹೊರಬರುವಾಗ ಅದೂ ಜೊತೆಗೆ ಬಂದಿತು. ಕೆಲಕಾಲ ವ್ಯಾಪಾರದಲ್ಲಿದ್ದು ಅನಂತರ ವೈದ್ಯವಿದ್ಯೆಗೆ ಮನಸ್ಸು ಮಾಡಿ ಮಿಚಿಗನ್ ವಿಶ್ವವಿದ್ಯಾನಿಲಯವನ್ನು ಸೇರಿದರೂ, ಕುಡಿತದ ದೆಸೆಯಿಂದ ಅದನ್ನು ಬಿಡಬೇಕಾಯಿತು. ಷಿಕಾಗೋದ ರಷ್ ವೈದ್ಯಕೀಯ ಕಾಲೇಜಿನಲ್ಲಿಯೂ ಅದೇ ಪಾಡು. ಕೊನೆಗೆ ಕೆಲವು ತಿಂಗಳು ಒಂದು ತೊಟ್ಟನ್ನೂ ಮುಟ್ಟದೆ ಓದಿ 1910ರಲ್ಲಿ ವೈದ್ಯಪದವಿಯನ್ನು ಪಡೆದರು. ಬಿಡಬಲ್ಲೆನೆಂಬುದು ಅವರಿಗೆ ಹೀಗೆ ಅಂದೇ ಗೊತ್ತಾಗಿತ್ತು. ಬಿಟ್ಟೇ ಇರಬಲ್ಲೆನೆ ಎಂಬುದೇ ಪ್ರಶ್ನೆಯಾಗಿ ಉಳಿದಿತ್ತು.

ಒಹಾಯೋ ಸಂಸ್ಥಾನದ ಏಕ್ರನ್ ನಗರದ ಸಿಟಿ ಆಸ್ಪತ್ರೆಯಲ್ಲಿ ತರಬೇತಿ ಪಡೆದು ಅಲ್ಲಿಯೇ ಶಸ್ತ್ರವೈದ್ಯರಾಗಿ ನೆಲೆಸಿದರು. ಶಾಲೆಯ ದಿನಗಳಿಂದ ಪರಿಚಿತರಾಗಿದ್ದ ಆ್ಯನ್ ರಿಪ್ಲೆಯವರು ಹದಿನೇಳು ವರ್ಷಗಳಷ್ಟು ಕಾದು 1915ರಲ್ಲಿ ಅವರನ್ನು ವರಿಸಿದರು. ಆ ತಾಯಿಯ ತಾಳ್ಮೆಗೆ ಮುಂದೆ ಇನ್ನೂ ಇಪ್ಪತ್ತು ವರ್ಷಗಳ ಪರೀಕ್ಷೆ ಕಾದಿತ್ತು.

1920ರಲ್ಲಿ ಅಮೆರಿಕವು ಪಾನನಿರೋಧವನ್ನು ಜಾರಿಗೆ ತಂದಿತು. ಮದ್ಯವೇ ಸಿಗದ ಮೇಲೆ ತಮಗೆ ಅಪಾಯವಿಲ್ಲವೆಂದು ಸ್ಮಿತ್ತರು ಭಾವಿಸಿದರು. ಆದರೆ ವೈದ್ಯರಿಗೆ ಔಷಧದ ಹೆಸರಿನಲ್ಲಿ ಮದ್ಯವು ದೊರೆಯುತ್ತಿತ್ತು. ಕಳ್ಳಮಾರಾಟಗಾರರಂತೂ ಇದ್ದೇ ಇದ್ದರು. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದುದನ್ನು ಕಂಡ ನಮಗೆ ಇದು ತಿಳಿಯದ ಮಾತಲ್ಲ: ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲದು, ದಾಹವನ್ನು ಮುಚ್ಚಲಾರದು.

ಅವರ ಬದುಕು ಬಚ್ಚಿಡುವ ವಿದ್ಯೆಯಾಯಿತು. ಬೆಳಿಗ್ಗೆ ಕೈನಡುಕವನ್ನಡಗಿಸಲು ಶಾಮಕ ಔಷಧ, ಹಗಲೆಲ್ಲ ಕೆಲಸ, ಸಂಜೆ ಕುಡಿತ. ಹಗಲು ಕುಡಿದರೆ ಸಂಪಾದನೆಯಿಲ್ಲ, ಸಂಪಾದನೆಯಿಲ್ಲದಿದ್ದರೆ ಕುಡಿಯಲು ಹಣವಿಲ್ಲವೆಂಬ ವಿಷವರ್ತುಲ ಅದು. ಇದ್ದಿಲ ಗೂಡಿನಲ್ಲಿ, ನೆಲಮನೆಯ ತೊಲೆಗಳ ಮೇಲೆ, ಕೊನೆಗೆ ಕಾಲುಚೀಲದೊಳಗೂ ಸೀಸೆಗಳನ್ನು ಅಡಗಿಸುತ್ತಿದ್ದರು. ಪಾನನಿರೋಧವು ಕೊನೆಗೊಂಡಾಗ ಬಿಯರ್ ಮಾತ್ರ ಕುಡಿದರೆ ಕೇಡಿಲ್ಲವೆಂದು ಪ್ರಯೋಗ ಮಾಡಿದರು. ಬಲುಬೇಗನೆ ಅದಕ್ಕೂ ಮದ್ಯಸಾರವನ್ನು ಬೆರೆಸತೊಡಗಿದರು. 1933ರಿಂದ ಆಕ್ಸ್‌ಫರ್ಡ್ ಗ್ರೂಪ್ ಎಂಬ ಧಾರ್ಮಿಕ ಬಳಗದ ಸಭೆಗಳಿಗೆ ತಪ್ಪದೆ ಹೋಗುತ್ತಿದ್ದರು, ಓದುತ್ತಿದ್ದರು, ಪ್ರಾರ್ಥಿಸುತ್ತಿದ್ದರು. ಕುಡಿತ ಮಾತ್ರ ನಿಲ್ಲಲಿಲ್ಲ.

1935ರ ಮೇ 12ರಂದು ಅವರ ಬಾಳಿಗೆ ಬಿಲ್ ವಿಲ್ಸನ್ನರು ಬಂದರು. ನ್ಯೂಯಾರ್ಕಿನ ಷೇರು ವ್ಯವಹಾರದವರಾದ ವಿಲ್ಸನ್ನರೂ ಕುಡಿತದಿಂದ ಹಾಳಾಗಿ, ಐದು ತಿಂಗಳ ಹಿಂದಷ್ಟೆ ಅದನ್ನು ಬಿಟ್ಟಿದ್ದರು. ಏಕ್ರನ್ನಿಗೆ ಬಂದ ವ್ಯವಹಾರವು ಕೆಟ್ಟುಹೋಗಿ, ಹೋಟೆಲಿನಲ್ಲಿ ಒಂಟಿಯಾಗಿದ್ದಾಗ ಮತ್ತೆ ಕುಡಿದುಬಿಡುವೆನೆಂಬ ಭಯ ಅವರನ್ನು ಹಿಡಿಯಿತು. ಮತ್ತೊಬ್ಬ ಕುಡುಕನೊಡನೆ ಮಾತನಾಡಿದರೆ ತಾನು ಉಳಿದೇನೆಂದು ಊರಿನ ಪಾದ್ರಿಯೊಬ್ಬರಿಗೆ ದೂರವಾಣಿ ಮಾಡಿ, ಅಲ್ಲಿಂದ ಹೆನ್ರಿಯೆಟ್ಟ ಸೈಬರ್ಲಿಂಗರೆಂಬ ಮಹಿಳೆಯ ನೆರವಿನಿಂದ ಸ್ಮಿತ್ತರನ್ನು ಕಂಡರು. ಹದಿನೈದು ನಿಮಿಷಕ್ಕೆಂದು ಒಪ್ಪಿ ಹೋದ ಸ್ಮಿತ್ತರು ರಾತ್ರಿ ಹನ್ನೊಂದರವರೆಗೂ ಕುಳಿತರು. ಬೋಧನೆಯನ್ನು ಅವರು ಬೇಕಾದಷ್ಟು ಕೇಳಿದ್ದರು. ತಮ್ಮ ರೋಗವನ್ನು ಅನುಭವದಿಂದ ಬಲ್ಲವನ ಮಾತನ್ನು ಕೇಳಿದ್ದು ಅದೇ ಮೊದಲು.

ಕುಡಿತ ನಿಂತಿತು. ಕಥೆ ಇಲ್ಲಿಗೆ ಮುಗಿದಿದ್ದರೆ ಅದು ನೀತಿಕಥೆಯಾಗುತ್ತಿತ್ತು, ಬಾಳಿನ ಕಥೆಯಾಗುತ್ತಿರಲಿಲ್ಲ. ಕೆಲವೇ ವಾರಗಳ ಅನಂತರ ಅಟ್ಲಾಂಟಿಕ್ ಸಿಟಿಯಲ್ಲಿ ವೈದ್ಯರ ಮಹಾಸಮ್ಮೇಳನ ನಡೆಯುವುದಿತ್ತು. ಹೋಗಬಾರದೆಂದು ಆ್ಯನ್ ಅಂಜಿದರು, ವೈದ್ಯರು ಹೊರಟೇಬಿಟ್ಟರು. ರೈಲಿನಲ್ಲಿಯೇ ಕುಡಿತ ಮೊದಲಾಯಿತು. ಕೆಲವು ದಿನಗಳ ನೆನಪೇ ಅವರಿಗೆ ಉಳಿಯಲಿಲ್ಲ. ಹೇಗೋ ಊರಿಗೆ ಮರಳಿದಾಗ ಮನೆಗೆ ಹೋಗುವ ಮುಖವಿರದೆ, ತಮ್ಮ ಚಿಕಿತ್ಸಾಲಯದ ದಾದಿಯ ಮನೆಯನ್ನು ಸೇರಿದರು. ಸುದ್ದಿ ತಿಳಿದೊಡನೆ ಆ್ಯನ್ ಮತ್ತು ವಿಲ್ಸನ್ನರು ಅಲ್ಲಿಗೆ ಹೋಗಿ ಅವರನ್ನು ಕರೆತಂದರು. ಗದರಲಿಲ್ಲ, ಲೆಕ್ಕ ಕೇಳಲಿಲ್ಲ. ಮೂರು ದಿನಗಳಲ್ಲಿ ಅವರು ಒಂದು ಶಸ್ತ್ರಚಿಕಿತ್ಸೆಯನ್ನು ಮಾಡಬೇಕಾಗಿತ್ತು. ಅಲ್ಲಿಯವರೆಗೆ ಹಗಲಿರುಳೂ ಆರೈಕೆ ಮಾಡಿದರು. ಆ ಬೆಳಿಗ್ಗೆ ನಡುಗುವ ಕೈ ನಿಲ್ಲಲೆಂದು ವಿಲ್ಸನ್ನರೇ ಒಂದು ಬಿಯರನ್ನು ಕೊಟ್ಟರು. ಸ್ಮಿತ್ತರ ಕಡೆಯ ಪಾನ ಅದು. (ಅತಿಯಾಗಿ ಕುಡಿಯುವವರು ಒಮ್ಮೆಲೆ ನಿಲ್ಲಿಸಿದರೆ ಸೆಳವು, ಸನ್ನಿ ಬರಬಹುದು. ಅಂದಿನ ಆ ಉಪಾಯವನ್ನು ಯಾರೂ ಅನುಸರಿಸಬೇಕಿಲ್ಲ. ಅದಕ್ಕೆ ತಕ್ಕ ಔಷಧಗಳು ಇಂದಿನ ವೈದ್ಯರ ಬಳಿಯಿವೆ.)

ಶಸ್ತ್ರಚಿಕಿತ್ಸೆ ಮುಗಿಯಿತು, ಸ್ಮಿತ್ತರು ಮನೆಗೆ ಬರಲಿಲ್ಲ. ಗಂಟೆಗಳು ಕಳೆದವು. ಕಾಯುತ್ತಿದ್ದವರ ಮನಸ್ಸಿನಲ್ಲಿ ಯಾವ ಶಂಕೆ ಸುಳಿದಿರಬಹುದೆಂಬುದನ್ನು ಅಂಥ ಮನೆಗಳಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಆದರೆ ಅವರು ಹೋಗಿದ್ದುದು ಮದ್ಯದಂಗಡಿಗಲ್ಲ. ತಾವು ನೋಯಿಸಿದವರನ್ನೂ ಸಾಲ ಕೊಟ್ಟವರನ್ನೂ ಹುಡುಕಿಕೊಂಡು ಹೋಗಿ, ಇದ್ದುದನ್ನು ಇದ್ದಂತೆ ಹೇಳಿ, ಸರಿಪಡಿಸುವೆನೆಂದು ಮಾತು ಕೊಟ್ಟುಬಂದಿದ್ದರು. ಊರಿಗೆ ತಿಳಿದರೆ ವೃತ್ತಿಯೇ ಹೋದೀತೆಂದು ಅಷ್ಟು ವರ್ಷ ಬಚ್ಚಿಟ್ಟ ಗುಟ್ಟನ್ನು ಅಂದು ತಾವೇ ಹೊರಗಿಟ್ಟರು. ನನ್ನ ಮಟ್ಟಿಗೆ ಈ ಜೀವನದ ತಿರುಳು ಇದು. ಮೊದಲ ಸಲ ಬಿಟ್ಟಾಗ ಅವರು ಕುಡಿತವನ್ನು ಮಾತ್ರ ಬಿಟ್ಟಿದ್ದರು. ಬಿದ್ದು ಎದ್ದ ಮೇಲೆ ಬಚ್ಚಿಡುವುದನ್ನೂ ಬಿಟ್ಟರು.

ಮುಂದಿನದು ಪವಾಡವೇನಲ್ಲ. ಇನ್ನೂ ಎರಡೂವರೆ ವರ್ಷ ಕುಡಿಯುವ ಬಯಕೆ ಅವರನ್ನು ಕಾಡಿತು, ಆದರೂ ಕುಡಿಯಲಿಲ್ಲ. ಆ ಜೂನ್ ತಿಂಗಳು ಮುಗಿಯುವ ಮೊದಲೇ ವಿಲ್ಸನ್ನರೊಡನೆ ಆಸ್ಪತ್ರೆಯಲ್ಲಿದ್ದ ಮೂರನೆಯವನೊಬ್ಬನ ಹಾಸಿಗೆಯ ಬಳಿ ಕುಳಿತಿದ್ದರು. ಹೀಗೆ ಬೆಳೆದ ಬಳಗವು 1939ರಲ್ಲಿ ತನ್ನ ಪುಸ್ತಕವನ್ನು ಹೊರತಂದು, ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು. ಏಕ್ರನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯ ಅವರೊಡನೆ ಸ್ಮಿತ್ತರು ಸುಮಾರು 5,000 ವ್ಯಸನಿಗಳಿಗೆ ಹಣ ಪಡೆಯದೆ ಚಿಕಿತ್ಸೆ ಮಾಡಿದರು. ಆ್ಯನ್ 1949ರಲ್ಲಿ ತೀರಿಕೊಂಡರು. 1950ರ ನವೆಂಬರ್ 16ರಂದು ಸ್ಮಿತ್ತರು ಅರ್ಬುದರೋಗದಿಂದ ನಿಧನರಾದರು.

ವ್ಯಸನವನ್ನು ಮಧುಮೇಹದಂತಹ ದೀರ್ಘರೋಗವೆಂದೂ ಅದು ಮರುಕಳಿಸುವುದು ಚಿಕಿತ್ಸೆಯನ್ನು ತಿದ್ದಿಕೊಳ್ಳಬೇಕೆಂಬ ಸೂಚನೆಯೆಂದೂ ಇಂದಿನ ವೈದ್ಯಶಾಸ್ತ್ರವು ತಿಳಿಯುತ್ತದೆ. ನಮ್ಮ ನಾಡಿನಲ್ಲಿಯೂ ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳು ಮುಗಿದ ಮೇಲೆ ಬಿಟ್ಟವರನ್ನು ನವಜೀವನ ಸಮಿತಿಗಳಾಗಿ ಕೂಡಿಸುತ್ತಾರೆ. ಶಿಬಿರದ ದಿನಗಳಿಗಿಂತ ಅನಂತರದ ಒಂಟಿ ಸಂಜೆಗಳು ಅಪಾಯಕರವೆಂಬ ಅರಿವೇ ಇದರ ಹಿಂದಿದೆ.

ಆ ಮಹಾಬಳಗವು ತನ್ನ ಹುಟ್ಟುಹಬ್ಬವನ್ನು ಇಬ್ಬರೂ ಮೊದಲು ಭೇಟಿಯಾದ ಮೇ 12ರಂದು ಆಚರಿಸುವುದಿಲ್ಲ. ಸ್ಮಿತ್ತರು ಬಿದ್ದು, ಮರಳಿ ಎದ್ದ ದಿನವೆಂದು 1935ರ ಜೂನ್ 10ನ್ನು ಅದು ಆರಿಸಿಕೊಂಡಿದೆ. ಅಂದು ಅವರನ್ನು ಕರೆತರಲು ಯಾರೂ ಹೋಗದೆ ಇದ್ದಿದ್ದರೆ ಆ ದಿನಕ್ಕೆ ಹೆಸರೇ ಇರುತ್ತಿರಲಿಲ್ಲ.