ಗೋಡೆಯ ಮೇಲಿನ ಗಿಟಾರ್

ಅರವತ್ತು ದಾಟಿದ ಮೇಲೆ ಹೊಸ ಉದ್ಯೋಗ ಹಿಡಿದವರು ನಿಮ್ಮ ಪರಿಚಯದಲ್ಲಿ ಯಾರಾದರೂ ಇದ್ದಾರೆಯೇ? ಮನೆಗೆಲಸ ಮಾಡಿಕೊಂಡಿದ್ದ ಎಲಿಜಬೆತ್ ಕಾಟನ್ ಆ ವಯಸ್ಸಿನಲ್ಲಿ ಗಾಯಕಿಯಾದರು.

ಅವರು ಹುಟ್ಟಿದ್ದು 1893ರಲ್ಲಿ, ಅಮೆರಿಕದ ಉತ್ತರ ಕೆರೊಲಿನಾದ ಚಾಪೆಲ್ ಹಿಲ್ ಬಳಿ, ಬಡ ಕಪ್ಪು ಕುಟುಂಬದಲ್ಲಿ. ಮನೆಯವರು ಪುಟ್ಟ ತಂಗಿ ಎಂದಷ್ಟೇ ಕರೆಯುತ್ತಿದ್ದರು. ಶಾಲೆಯ ಮೊದಲ ದಿನ ಟೀಚರ್ ಹೆಸರು ಕೇಳಿದಾಗ ಎಲಿಜಬೆತ್ ಎಂಬ ಹೆಸರನ್ನು ಹುಡುಗಿ ತಾನೇ ಇಟ್ಟುಕೊಂಡಳು!

ಅಣ್ಣ ಕೆಲಸಕ್ಕೆ ಹೋದೊಡನೆ ಅವನ ಬ್ಯಾಂಜೊ ವಾದ್ಯವನ್ನು ಕದ್ದು ನುಡಿಸುತ್ತಿದ್ದಳು. ತಂತಿ ಕಡಿದರೆ ಹೆದರಿ ಮಂಚದ ಕೆಳಗೆ ಅಡಗುತ್ತಿದ್ದಳು. ಎಡಗೈ ರೂಢಿಯವಳಾದುದರಿಂದ ವಾದ್ಯವನ್ನು ತಲೆಕೆಳಗಾಗಿ ಹಿಡಿದು, ಹೆಬ್ಬೆರಳಿನಲ್ಲಿ ರಾಗವನ್ನೂ ಉಳಿದ ಬೆರಳುಗಳಲ್ಲಿ ಮಂದ್ರ ಸ್ವರಗಳನ್ನೂ ಮೀಟಿದಳು. ಕಲಿಸಿಕೊಡಲು ಯಾರೂ ಇರಲಿಲ್ಲ. ತಿದ್ದಲೂ ಯಾರೂ ಇರಲಿಲ್ಲವೆಂಬುದು ನಮ್ಮ ಪುಣ್ಯ. ಮುಂದೆ ಶಾಲೆ ಬಿಟ್ಟು, ತಿಂಗಳಿಗೆ ಮುಕ್ಕಾಲು ಡಾಲರಿಗೆ ಮನೆಗೆಲಸಕ್ಕೆ ಸೇರಿ, ಕೂಡಿಟ್ಟ ಹಣದಲ್ಲಿ 3.75 ಡಾಲರಿನ ಗಿಟಾರ್ ಕೊಂಡಳು. ಮನೆಯ ಬಳಿ ಹಾದುಹೋಗುತ್ತಿದ್ದ ಗೂಡ್ಸ್ ರೈಲಿನ ಮೇಲೆ ಹಾಡು ಕಟ್ಟಿದಾಗ ವಯಸ್ಸು ಹನ್ನೆರಡರ ಆಸುಪಾಸು.

1910ರಲ್ಲಿ ಮದುವೆಯಾಯಿತು, ಮಗಳು ಹುಟ್ಟಿದಳು. ಆಕೆ ಹೋಗುತ್ತಿದ್ದ ಚರ್ಚಿನ ಹಿರಿಯರು ಲೌಕಿಕ ಹಾಡುಗಳನ್ನು ಬಿಡಬೇಕೆಂದರು. ಅವರ ಉದ್ದೇಶ ಕೆಟ್ಟದಿರಲಿಕ್ಕಿಲ್ಲ. ಆದರೆ ಗೂಡ್ಸ್ ರೈಲಿನಲ್ಲಿ ಅವರಿಗೆ ಕಂಡ ಪಾಪ ಯಾವುದೋ! ಆಕೆ ವಿಧೇಯಳಾಗಿ ಗಿಟಾರನ್ನು ಕೆಳಗಿಟ್ಟಳು. ಹಲವು ದಶಕಗಳು ಕಳೆದವು.

ಗಂಡನಿಂದ ಬೇರೆಯಾದ ಮೇಲೆ ವಾಷಿಂಗ್ಟನ್ ನಗರದ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ದಾರಿ ತಪ್ಪಿದ ಪುಟ್ಟ ಹುಡುಗಿಯೊಬ್ಬಳನ್ನು ತಾಯಿಗೆ ಒಪ್ಪಿಸಿದರು. ಹುಡುಗಿ ಪೆಗಿ ಸೀಗರ್; ತಾಯಿ ರೂತ್ ಕ್ರಾಫರ್ಡ್ ಸೀಗರ್, ಹೆಸರಾಂತ ಸಂಗೀತ ರಚನಕಾರ್ತಿ. ಆ ಪರಿಚಯದಿಂದ ಸೀಗರ್ ಮನೆಯ ಅಡುಗೆ, ಇಸ್ತ್ರಿ ಕೆಲಸ ಸಿಕ್ಕಿತು. ಮಕ್ಕಳು ಅವರನ್ನು ಲಿಬ್ಬಾ ಎಂದು ಕರೆದರು. ಆ ಮನೆಯ ಗೋಡೆಗೆ ಗಿಟಾರ್ ನೇತುಹಾಕಿತ್ತು. ಒಂದು ದಿನ ಲಿಬ್ಬಾ ಅದನ್ನು ಇಳಿಸಿ ನುಡಿಸಿದರು. ಬೆರಳುಗಳು ಮರೆತಿರಲಿಲ್ಲ!

ಪೆಗಿ ದೊಡ್ಡವಳಾಗಿ ಇಂಗ್ಲೆಂಡಿನಲ್ಲಿ ಆ ರೈಲಿನ ಹಾಡನ್ನು ಹಾಡಿದಳು. ಅಲ್ಲಿನ ಇಬ್ಬರು ಅದನ್ನು ತಮ್ಮದೆಂದೇ ನೋಂದಾಯಿಸಿಕೊಂಡರು. 1957ರಲ್ಲಿ ಹಾಡು ಅಲ್ಲಿ ಮನೆಮಾತಾಯಿತು. ಕಟ್ಟಿದವರು ಮಾತ್ರ ಇನ್ನೂ ಪಾತ್ರೆ ತೊಳೆಯುತ್ತಿದ್ದರು. ಸೀಗರ್ ಕುಟುಂಬ ಬೆನ್ನಿಗೆ ನಿಂತ ಮೇಲೆ ಹಕ್ಕಿನಲ್ಲಿ ಅವರಿಗೂ ಪಾಲು ದೊರೆಯಿತು. ಪೆಗಿಯ ಅಣ್ಣ ಮೈಕ್ ಅವರ ಮನೆಗೇ ಹೋಗಿ ಧ್ವನಿಮುದ್ರಿಸಿದ ಹಾಡುಗಳು 1958ರಲ್ಲಿ ಫೋಕ್‌ವೇಸ್ ಸಂಸ್ಥೆಯಿಂದ ಹೊರಬಂದವು. ವೇದಿಕೆ ಏರಿದಾಗ ವಯಸ್ಸು ಅರವತ್ತೈದು ದಾಟಿತ್ತು.

ಮತ್ತೊಂದು ಹಾಡನ್ನು ಮರಿಮಕ್ಕಳನ್ನು ಮಲಗಿಸುವಾಗ ಅವರೊಡನೆ ಸೇರಿ ಕಟ್ಟಿದರು. ಒಂದೊಂದು ಚರಣ ಒಂದೊಂದು ಮಗುವಿನದು. 1967ರ ಧ್ವನಿಮುದ್ರಿಕೆಯಲ್ಲಿ ಅದನ್ನು ಹಾಡಿದವಳೂ ಮರಿಮಗಳೇ. ಸಂಪಾದನೆಯ ಹಣದಿಂದ 1978ರಲ್ಲಿ ಸಿರಾಕ್ಯೂಸ್ ನಗರದಲ್ಲಿ ಸ್ವಂತ ಮನೆ ಕೊಂಡರು. 1985ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂದಾಗ ಅವರಿಗೆ 92 ವರ್ಷ. 1987ರ ಜೂನ್ 29ರಂದು ಅವರು ತೀರಿಕೊಂಡರು. ಆ ತಲೆಕೆಳಗಾದ ವಾದನಕ್ರಮಕ್ಕೆ ಅವರದೇ ಹೆಸರು ಉಳಿದಿದೆ. ಬಲಗೈಯವರು ಇಂದಿಗೂ ಕಷ್ಟಪಟ್ಟು ಅದನ್ನು ಕಲಿಯುತ್ತಾರೆ.