ಬಟ್ಟೆ ವ್ಯಾಪಾರಿಯ ಗಾಜಿನ ಮಣಿ

ನಮ್ಮಜ್ಜಿಯ ಓದುವ ಕನ್ನಡಕದ ಪವರ್ ಪ್ಲಸ್ ಎರಡು. ಅಂದರೆ ಅದರ ಫೋಕಲ್ ಲೆಂತ್ ಅರ್ಧ ಮೀಟರ್. ಫೋಕಲ್ ಲೆಂತ್ ಕಡಿಮೆಯಾದಷ್ಟೂ ಪವರ್ ಜಾಸ್ತಿ ಎಂದು ಪಿಯುಸಿಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಹಾಗಾದರೆ ಸಾವಿರ ಪವರ್ ದಾಟಿದ ಮಸೂರ ಹೇಗಿರಬಹುದು? ಮೂರು ಶತಮಾನಗಳ ಹಿಂದೆಯೇ ಅಂಥದ್ದನ್ನು ಮಾಡಿಕೊಂಡಿದ್ದವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ, ಆಂಟನಿ ವಾನ್ ಲ್ಯೂವೆನ್‌ಹಾಕ್.

ಹುಟ್ಟಿದ್ದು 1632ರಲ್ಲಿ, ಬುಟ್ಟಿ ಹೆಣೆಯುವವರ ಮನೆಯಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಹದಿನಾರಕ್ಕೆ ಆಮ್‌ಸ್ಟರ್‌ಡ್ಯಾಂನ ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಆ ಕಾಲದ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಬರುತ್ತಿರಲಿಲ್ಲ. ಬಟ್ಟೆಯ ನೂಲು ಪರೀಕ್ಷಿಸಲು ವ್ಯಾಪಾರಿಗಳು ಭೂತಗನ್ನಡಿ ಬಳಸುತ್ತಿದ್ದರು. ಮಸೂರದ ಹುಚ್ಚು ಅಲ್ಲಿಂದಲೇ ಹಿಡಿದಿರಬೇಕು.

ಆತನ ಸೂಕ್ಷ್ಮದರ್ಶಕ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಎರಡು ಲೋಹದ ತಗಡುಗಳ ನಡುವೆ ಒಂದು ಪುಟ್ಟ ಮಸೂರ, ಅದರ ಮುಂದೆ ವಸ್ತುವನ್ನು ಚುಚ್ಚಿಡಲು ಸೂಜಿ, ಹಿಂದೆಮುಂದೆ ಸರಿಸಲು ತಿರುಪು. ಇಷ್ಟೇ. ಉಟ್ರೆಕ್ಟ್‌ನಲ್ಲಿ ಉಳಿದಿರುವ ಒಂದರ ಫೋಕಲ್ ಲೆಂತ್ ಒಂದು ಮಿಲಿಮೀಟರಿಗೂ ಕಡಿಮೆ, 0.94. ಕಣ್ಣಿಗೆ ಆಯಾಸವಿಲ್ಲದೆ ಕಾಣುವ ದೂರ 250 ಮಿ.ಮೀ. ಎಂದಿಟ್ಟುಕೊಂಡು ಭಾಗಿಸಿ ನೋಡಿ: ಸುಮಾರು 266 ಪಟ್ಟು!

ಆದರೆ ಇದು ಪುಕ್ಕಟೆ ಸಿಗುವುದಿಲ್ಲ. ಹಿಗ್ಗಿದಷ್ಟೂ ನೋಟದ ವ್ಯಾಪ್ತಿ, ಅಂದರೆ ಫೀಲ್ಡ್ ಆಫ್ ವ್ಯೂ, ಕುಗ್ಗುತ್ತದೆ. ವಸ್ತುವನ್ನು ಮಸೂರಕ್ಕೆ ಬಹುತೇಕ ಅಂಟಿಸಿ, ಕಣ್ಣನ್ನೂ ಅದಕ್ಕೇ ಒತ್ತಿ, ಬೆಳಕಿನ ಕಡೆ ಹಿಡಿದು, ಚೂರು ಚೂರೇ ಹುಡುಕಬೇಕು. ಲಂಡನ್ನಿನ ರಾಬರ್ಟ್ ಹುಕ್‌ನಂಥವನೇ ಕಣ್ಣು ನೋಯುತ್ತದೆಂದು ಇಂಥ ಮಸೂರ ಬಿಟ್ಟು ದೊಡ್ಡ ಸೂಕ್ಷ್ಮದರ್ಶಕ ಹಿಡಿದ. ಲ್ಯೂವೆನ್‌ಹಾಕ್ ಬಿಡಲಿಲ್ಲ. ಒಮ್ಮೆ ಸರಿಯಾಗಿ ಕೂರಿಸಿದ ವಸ್ತುವನ್ನು ಕೀಳದೆ, ಮತ್ತೊಂದಕ್ಕೆ ಹೊಸ ಸೂಕ್ಷ್ಮದರ್ಶಕವನ್ನೇ ಮಾಡಿಕೊಂಡದ್ದೂ ಉಂಟು.

1674ರಲ್ಲಿ ಕೆರೆಯ ನೀರಿನಲ್ಲಿ ಓಡಾಡುವ ಜೀವಿಗಳು ಕಂಡವು. ಎರಡು ವರ್ಷಗಳ ನಂತರ ಇನ್ನೂ ಸೂಕ್ಷ್ಮವಾದವು. ನಾವೀಗ ಬ್ಯಾಕ್ಟೀರಿಯಾ ಎನ್ನುವಂಥವು. ಲಂಡನ್ನಿನ ರಾಯಲ್ ಸೊಸೈಟಿಗೆ ಡಚ್ ಭಾಷೆಯಲ್ಲೇ ಪತ್ರ ಬರೆದ. ಅಲ್ಲಿನವರು ನಂಬಲಿಲ್ಲ. ನಂಬುವುದಾದರೂ ಹೇಗೆ? ಬೇರೆ ಯಾರಿಗೂ ಅವು ಕಂಡಿರಲಿಲ್ಲ, ಮಸೂರ ಮಾಡುವ ಗುಟ್ಟನ್ನು ಈತ ಹೇಳಲೂ ಒಲ್ಲ. ಬದಲಿಗೆ ಊರಿನ ಪಾದ್ರಿಗಳನ್ನೂ ಗಣ್ಯರನ್ನೂ ಕರೆದು, ತೋರಿಸಿ, ಸಾಕ್ಷಿಪತ್ರ ಬರೆಸಿ ಕಳುಹಿಸಿದ. ಕೊನೆಗೆ 1677ರಲ್ಲಿ ಹುಕ್ ತಾನೇ ಮಾಡಿ ನೋಡಿದಾಗ ಆ ಜೀವಿಗಳು ಕಂಡವು. 1680ರಲ್ಲಿ ರಾಯಲ್ ಸೊಸೈಟಿ ಈ ಬಟ್ಟೆ ವ್ಯಾಪಾರಿಯನ್ನು ಫೆಲೋ ಆಗಿ ಆರಿಸಿತು.

1723ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ಆತ ತೀರಿಕೊಂಡಾಗ ಗುಟ್ಟೂ ಜೊತೆಗೇ ಹೋಯಿತು. 2021ರಲ್ಲಿ ಸಂಶೋಧಕರು ಉಟ್ರೆಕ್ಟ್‌ನ ಉಪಕರಣವನ್ನು ಬಿಚ್ಚದೆ, ನ್ಯೂಟ್ರಾನ್ ಹಾಯಿಸಿ ಒಳಗೆ ನೋಡಿದರು. ಇದ್ದದ್ದು ಉಜ್ಜಿ ಮಾಡಿದ ಮಸೂರವಲ್ಲ, ಗಾಜಿನ ಎಳೆಯ ತುದಿ ಕರಗಿಸಿ ಮಾಡಿದ ಗುಂಡು ಮಣಿ. ಆ ವಿಧಾನವನ್ನು ಹುಕ್ 1665ರಲ್ಲೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ.