ಕಿಚನರ್ ಮುಚ್ಚಿಸಿದ ಮಿಲಿಟರಿ ಇಲಾಖೆ

ಮುಂಬಯಿಯಿಂದ ನಾಸಿಕ್ ಕಡೆಗೆ ಹೋಗಿಬರುವ ನಮ್ಮವರಿಗೆ ದೇವಳಾಲಿ ದಂಡುಪ್ರದೇಶ ಚಿರಪರಿಚಿತ. ಸೇನಾಧಿಕಾರಿಗಳ ಉನ್ನತ ತರಬೇತಿಗಾಗಿ ಸ್ಟಾಫ್ ಕಾಲೇಜು 1905ರಲ್ಲಿ ಆರಂಭವಾದದ್ದು ಅಲ್ಲಿಯೇ. 1907ರಲ್ಲಿ ಅದು ಕ್ವೆಟ್ಟಾಕ್ಕೆ ಸ್ಥಳಾಂತರಗೊಂಡಿತು. ಆ ಕಾಲೇಜಿಗೆ ಕಾರಣರಾದ ಲಾರ್ಡ್ ಕಿಚನರ್, ಅದೇ ವರ್ಷಗಳಲ್ಲಿ ಹಳೆಯ ಸರಕಾರಿ ಇಲಾಖೆಯೊಂದನ್ನು ಮುಚ್ಚಿಸಿದವರೂ ಹೌದು.

1850ರಲ್ಲಿ ಐರ್ಲೆಂಡಿನಲ್ಲಿ ಜನಿಸಿದ ಹೊರೇಶಿಯೋ ಹರ್ಬರ್ಟ್ ಕಿಚನರ್, 1898ರ ಒಮ್ಡರ್ಮನ್ ಯುದ್ಧದಲ್ಲಿ ಸುಡಾನನ್ನು ಗೆದ್ದು ಹೆಸರಾದರು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಅವರು ನಡೆಸಿದ ಶಿಬಿರಗಳಲ್ಲಿ ಸಾವಿರಾರು ಹೆಂಗಸರು, ಮಕ್ಕಳು ರೋಗರುಜಿನಕ್ಕೆ ಬಲಿಯಾದರು. 1902ರ ನವೆಂಬರ್‌ನಲ್ಲಿ ಅವರು ಭಾರತದ ದಂಡನಾಯಕರಾಗಿ ಬಂದರು.

ಆಗ ಸೇನೆಯ ಆಡಳಿತಕ್ಕೆ ಎರಡು ಕೇಂದ್ರಗಳಿದ್ದವು. ಯುದ್ಧ, ಶಿಸ್ತು, ತರಬೇತಿ ದಂಡನಾಯಕರದು. ಖರ್ಚುವೆಚ್ಚ, ಸರಬರಾಜು, ಸಾಗಾಟ ಮಿಲಿಟರಿ ಇಲಾಖೆಯದು. ಇಲಾಖೆಯ ಮುಖ್ಯಸ್ಥ ವೈಸ್‌ರಾಯ್ ಮಂಡಳಿಯ ಸದಸ್ಯ. ಆತ ದಂಡನಾಯಕರಿಗಿಂತ ಕೆಳದರ್ಜೆಯ ಸೇನಾಧಿಕಾರಿ. ಆದರೂ ದಂಡನಾಯಕರ ಪ್ರಸ್ತಾವಗಳು ಆತನ ಮೂಲಕವೇ, ಆತನ ಅಭಿಪ್ರಾಯ ಹೊತ್ತುಕೊಂಡೇ ವೈಸ್‌ರಾಯ್ ಬಳಿಗೆ ಹೋಗಬೇಕಿತ್ತು.

ಇದು ಕಿಚನರ್‌ಗೆ ಸಹಿಸಲಾಗಲಿಲ್ಲ. ವಿಳಂಬಕ್ಕೆ ಇದೇ ಮೂಲವೆಂದು ಅವರ ವಾದ. ಎಲ್ಲವೂ ಒಬ್ಬನ ಕೈಗೆ ಹೋದರೆ ಸರಕಾರಕ್ಕೆ ಬೇರೆ ಸಲಹೆ ಸಿಗದೆಂದು ವೈಸ್‌ರಾಯ್ ಕರ್ಜನ್ ಪಟ್ಟುಹಿಡಿದರು. ಲಂಡನ್ ಸರಕಾರ ಬಹುಮಟ್ಟಿಗೆ ಕಿಚನರ್ ಪರ ನಿಂತಿತು. 1905ರ ಆಗಸ್ಟ್‌ನಲ್ಲಿ ಕರ್ಜನ್ ರಾಜೀನಾಮೆಯಿತ್ತರು. 1906ರಲ್ಲಿ ಮಿಲಿಟರಿ ಇಲಾಖೆ ರದ್ದಾಯಿತು. ಅದರ ಅವಶೇಷವಾಗಿ ಉಳಿದ ಸರಬರಾಜು ಇಲಾಖೆಯೂ 1909ರಲ್ಲಿ ಮುಚ್ಚಿತು. ಅದೇ ವರ್ಷ ಕಿಚನರ್ ಭಾರತ ಬಿಟ್ಟರು.

ವ್ಯವಸ್ಥೆಯ ಪರೀಕ್ಷೆ ನಡೆದದ್ದು ಮೊದಲ ಮಹಾಯುದ್ಧದಲ್ಲಿ. ಭಾರತದಿಂದ ಮೆಸೊಪೊಟೇಮಿಯಾಕ್ಕೆ ಹೋದ ಪಡೆಗೆ ದೋಣಿಗಳೂ ಸಾಲಲಿಲ್ಲ, ಔಷಧೋಪಚಾರವೂ ಸಾಲಲಿಲ್ಲ. ಗಾಯಾಳುಗಳು ಕೊಳಕು ದೋಣಿಗಳಲ್ಲಿ ನರಳುತ್ತ ಬಸ್ರಾ ಸೇರಿದರು. 1916ರ ಏಪ್ರಿಲ್ 29ರಂದು ಕೂಟ್ ಪಟ್ಟಣದಲ್ಲಿ ಸುಮಾರು 13,000 ಮಂದಿ ತುರ್ಕರಿಗೆ ಶರಣಾದರು. ಅವರಲ್ಲಿ ಹೆಚ್ಚಿನವರು ಭಾರತೀಯರು. ಅನೇಕರು ಸೆರೆಯಲ್ಲೇ ಸತ್ತರು.

ಆಗ ಬ್ರಿಟನ್ನಿನ ಯುದ್ಧಸಚಿವರಾಗಿದ್ದ ಕಿಚನರ್, ಜೂನ್ 5ರಂದು ರಷ್ಯಾಕ್ಕೆ ಹೊರಟ ಹಡಗು ಆರ್ಕ್ನಿ ದ್ವೀಪಗಳ ಬಳಿ ಜರ್ಮನ್ ಸಿಡಿಗುಂಡಿಗೆ ತಗಲಿ ಮುಳುಗಿದಾಗ ಜಲಸಮಾಧಿಯಾದರು. ಮರುವರ್ಷ ವಿಚಾರಣಾ ಆಯೋಗದ ವರದಿ ಬಂತು. ಎರಡು ಹುದ್ದೆಗಳ ಹೊರೆಯನ್ನು ಒಬ್ಬ ವ್ಯಕ್ತಿ ಹೊರಲಾರನೆಂಬುದು ಅದರ ತೀರ್ಮಾನಗಳಲ್ಲೊಂದು.

ಕಡತಗಳ ಓಟಕ್ಕೆ ಅಡ್ಡಿಯೆನಿಸಿದ್ದ ಆ ಇಲಾಖೆ, ದೋಣಿಯೆಷ್ಟು, ಔಷಧಿಯೆಷ್ಟು ಎಂದು ಕೇಳಬೇಕಾದ ಜಾಗವೂ ಆಗಿತ್ತು. ಕೇಳುವವರಿಲ್ಲದ ಆಡಳಿತಕ್ಕೆ ಬೆಲೆ ತೆತ್ತವನು ಮಾತ್ರ ಬಡ ಸಿಪಾಯಿ.